ವಿಭಜನೆಯ ಕೊನೇ ಹೆಜ್ಜೆಯಲ್ಲಿ ಕೋಶವನ್ನು ತಡೆಯುವ ಗಿಡಗಳು

ಮಳೆಗಾಲದಲ್ಲಿ ಖಾನಾಪುರದಿಂದ ಜಾಂಬೋಟಿ, ಕಣಕುಂಬಿ ಕಡೆ ಹೊರಟರೆ ಬೇಲಿ-ಪೊದೆಗಳ ಮೇಲೆ ಕೆಂಪು-ಹಳದಿ ಎಸಳಿನ ಅಗ್ನಿಶಿಖೆ ಕಾಣುತ್ತದೆ. ಬೆಳಗಾವಿಯ ಮನೆಯಂಗಳಗಳಲ್ಲಿ ವರ್ಷವಿಡೀ ಅರಳುವುದು ಸದಾಪುಷ್ಪ. ಮೊದಲನೆಯದರ ಗಡ್ಡೆ, ಬೀಜಗಳಲ್ಲಿ ಕಾಲ್ಚಿಸಿನ್ ಎಂಬ ಕಡುವಿಷವಿದೆ. ಎರಡನೆಯದರ ಎಲೆಯಿಂದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಗಳು ಬಂದಿವೆ. ಒಂದಕ್ಕೊಂದು ನಂಟಿಲ್ಲದ ಈ ಗಿಡಗಳು ಜೀವಕೋಶವನ್ನು ತಡೆಯುವ ಜಾಗ ಮಾತ್ರ ಒಂದೇ: ವಿಭಜನೆ ಇನ್ನೇನು ಮುಗಿಯಬೇಕು ಎನ್ನುವ ಹಂತ.

ಮನುಷ್ಯನ ಕೋಶ ಎರಡಾಗುವ ಮೊದಲು ತನ್ನ 46 ವರ್ಣತಂತುಗಳಿಗೂ ಪ್ರತಿ ಮಾಡಿಕೊಂಡಿರುತ್ತದೆ. ಮೂಲವೂ ಪ್ರತಿಯೂ ಅಂಟಿಕೊಂಡೇ ಕೋಶದ ನಡುವೆ ಸಾಲುಗಟ್ಟುತ್ತವೆ. ಎರಡೂ ತುದಿಯಿಂದ ಬರುವ, ಟ್ಯೂಬುಲಿನ್ ಎಂಬ ಪ್ರೊಟೀನಿನ ಎಳೆಗಳು ಪ್ರತಿ ಜೋಡಿಯನ್ನೂ ಹಿಡಿಯಬೇಕು. ಒಂದೇ ಒಂದಕ್ಕೆ ಎಳೆ ಸಿಗದಿದ್ದರೂ ಅಲ್ಲಿಂದ ತಡೆಯ ಸಂಕೇತ ಹೊರಡುತ್ತಲೇ ಇರುತ್ತದೆ. ಕೊನೆಯ ಪ್ರಯಾಣಿಕ ಹತ್ತುವವರೆಗೆ ಕಂಡಕ್ಟರ್ ‘ರೈಟ್’ ಅನ್ನದ ಹಾಗೆ. ಎಲ್ಲವೂ ಹಿಡಿತಕ್ಕೆ ಸಿಕ್ಕಾಗ ಎಪಿಸಿ ಎಂಬ ಪ್ರೊಟೀನ್ ಸಮೂಹ ಕೆಲಸಕ್ಕಿಳಿದು, ಎರಡು ಪ್ರೊಟೀನುಗಳಿಗೆ ನಾಶದ ಗುರುತು ಹಚ್ಚುತ್ತದೆ. ಸೆಕ್ಯೂರಿನ್ ಹೋದರೆ ಜೋಡಿಗಳ ಬೆಸುಗೆಯನ್ನು ಕತ್ತರಿಸುವ ಕಿಣ್ವ ಬಿಡುಗಡೆಯಾಗುತ್ತದೆ. ಸೈಕ್ಲಿನ್-ಬಿ ಹೋದರೆ ವಿಭಜನೆ ನಡೆಸುತ್ತಿದ್ದ ಕಿಣ್ವವೇ ತಣ್ಣಗಾಗಿ, ಎಳೆಗಳು ಕಳಚಿ, ಹೊಸ ಕೋಶಕೇಂದ್ರಗಳಿಗೆ ಪೊರೆ ಮೂಡಿ, ಕೋಶ ಎರಡಾಗುತ್ತದೆ. 1982ರಲ್ಲಿ ವಿಜ್ಞಾನಿ ಟಿಮ್ ಹಂಟ್ ಸಮುದ್ರದ ಅರ್ಚಿನ್ ಮೊಟ್ಟೆಗಳಲ್ಲಿ ಸೈಕ್ಲಿನ್ ಗುರುತಿಸಿದರು; 2001ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಪ್ರೊಟೀನನ್ನು ನಾಶಮಾಡಿಯೇ ಕೋಶ ಮುಂದಡಿ ಇಡುವುದರಿಂದ ಹಿಂದಕ್ಕೆ ಸರಿಯುವ ದಾರಿ ಮುಚ್ಚುತ್ತದೆ. ಈ ವ್ಯವಸ್ಥೆಯ ಜಾಣತನವೆಲ್ಲ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಹಲವು ಕ್ಯಾನ್ಸರ್ ಕೋಶಗಳಲ್ಲಿ, ಎಲ್ಲ ಜೋಡಿಗೂ ಎಳೆ ಸಿಗುವವರೆಗೆ ತಡೆಯುವ ಈ ಕಾವಲು ಸಡಿಲ. ಹಂಚಿಕೆ ತಪ್ಪಿ ಒಂದು ಮರಿಕೋಶಕ್ಕೆ 45, ಇನ್ನೊಂದಕ್ಕೆ 47 ವರ್ಣತಂತು ಹೋದೀತು. ಇಂಥ ಏರುಪೇರಿನಿಂದಲೇ ಕೆಲವು ಗಡ್ಡೆಗಳು ಔಷಧಕ್ಕೆ ಬಗ್ಗದಂತಾಗುತ್ತವೆ.

ವಿನ್‌ಕ್ರಿಸ್ಟಿನ್ ಟ್ಯೂಬುಲಿನ್‌ಗೆ ಅಂಟಿಕೊಂಡು ಎಳೆ ಕಟ್ಟಲು ಬಿಡುವುದಿಲ್ಲ. ಕಾವಲು ತೆರೆಯುವುದಿಲ್ಲ, ಗಂಟೆಗಟ್ಟಲೆ ಸಿಕ್ಕಿಬಿದ್ದ ಕೋಶ ಅಲ್ಲೇ ಸಾಯಬಹುದು. ಆದರೆ ಕಾಯುವಾಗಲೇ ಸೈಕ್ಲಿನ್-ಬಿ ತುಸುತುಸುವೇ ಕರಗಿದರೆ, ಕೆಲವು ಕೋಶಗಳು ಎರಡಾಗದೆ, ದುಪ್ಪಟ್ಟು ವರ್ಣತಂತುಗಳೊಡನೆ ಜಾರಿಕೊಳ್ಳುತ್ತವೆ. ಔಷಧ ಒಬ್ಬರಿಗೆ ನಾಟಿ ಇನ್ನೊಬ್ಬರಿಗೆ ನಾಟದಿರಲು ಇದೂ ಒಂದು ಕಾರಣ. ಕಾಲ್ಚಿಸಿನ್ ಕ್ಯಾನ್ಸರ್ ಚಿಕಿತ್ಸೆಗೆ ಒಗ್ಗದಷ್ಟು ವಿಷ. ಆದರೂ ಮನುಷ್ಯನ ವರ್ಣತಂತುಗಳು 46 ಎಂದು 1956ರಲ್ಲಿ ಖಚಿತವಾದದ್ದು, ಅದನ್ನು ಹಾಕಿ ಕೋಶಗಳನ್ನು ನಡುದಾರಿಯಲ್ಲಿ ನಿಲ್ಲಿಸಿ ಎಣಿಸಿದ್ದರಿಂದ.

ಸಕ್ಕರೆ ಕಾಯಿಲೆಗೆ ಸದಾಪುಷ್ಪದ ಎಲೆ ಅಗಿಯುವವರು ನಮ್ಮಲ್ಲಿದ್ದಾರೆ. ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಕೂಡ 1950ರ ದಶಕದಲ್ಲಿ ಇದೇ ಗುಣವನ್ನು ಪರೀಕ್ಷಿಸಲು ಹೊರಟವರು. ಇಲಿಗಳ ರಕ್ತದಲ್ಲಿ ಇಳಿದದ್ದು ಸಕ್ಕರೆಯಲ್ಲ, ಬಿಳಿ ರಕ್ತಕಣ! ವಿನ್‌ಬ್ಲಾಸ್ಟಿನ್ ಸಿಕ್ಕಿದ್ದು ಹಾಗೆ. ದಯವಿಟ್ಟು ಎಲೆ ಅಗಿಯಬೇಡಿ, ರಸ ಕುಡಿಯಬೇಡಿ.

ಮಕ್ಕಳ ರಕ್ತ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಕೊಡುವಾಗ ಬೆರಳು ಜೋಮು ಹಿಡಿಯುವುದು, ಮಲಬದ್ಧತೆ ಸಾಮಾನ್ಯ. ನರಕೋಶ ವಿಭಜಿಸದಿದ್ದರೂ ಅದರ ಉದ್ದನೆಯ ತಂತುವಿನೊಳಗೆ ಸಾಮಾನು ಸಾಗುವುದು ಅದೇ ಟ್ಯೂಬುಲಿನ್ ಎಳೆಗಳ ಮೇಲೆ. ಮಗು ನಡೆಯುವಾಗ ಎಡವತೊಡಗಿದರೆ, ಅಂಗಿಯ ಗುಂಡಿ ಹಾಕಲು ತಡಕಾಡಿದರೆ ಮುಂದಿನ ಇಂಜೆಕ್ಷನ್‌ಗೆ ಮೊದಲೇ ಡಾಕ್ಟರಿಗೆ ಹೇಳಬೇಕು. ಅವರು ಪ್ರಮಾಣ ತಗ್ಗಿಸಬಹುದು.