ಎಣ್ಣೆ ಸೋರಿಕೆ: ಕಲೆ ಕೆಳಗೆ, ಮೂಲ ಮೇಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ರಜೆಗೆ ಹೋದರೆ ನಮ್ಮ ಕೈಗೆ ಸಿಗೋದು ಅಪ್ಪನ ಹಳೇ ಮಾರುತಿ 800 ಇಲ್ಲವೇ ಓಮ್ನಿ. 800ರ ತಯಾರಿಕೆ ನಿಂತಿದ್ದೇ 2014ರಲ್ಲಿ. ಇಷ್ಟು ವರ್ಷ ಬಿಸಿ ತಿಂದ ರಬ್ಬರ್ ಸೀಲು, ಪ್ಯಾಕಿಂಗು ಗಟ್ಟಿಯಾಗಿ ಎಣ್ಣೆ ಬಿಡೋದು ಸಹಜ.

ನಮ್ಮ ಓಮ್ನಿ ಅಡಿಕೆ ಒಣಗಿಸೋ ಅಂಗಳದಲ್ಲೇ ಎಣ್ಣೆ ಚೆಲ್ಲತೊಡಗಿತು. ಒಂದು ಗ್ಯಾರೇಜಿನವರು "ಎಂಜಿನ್ ಇಳಿಸಬೇಕು" ಅಂದರು. ನಾನು ಮೊದಲು ಸೀಟು ಎತ್ತಿ, ತಣ್ಣಗಿದ್ದ ಎಂಜಿನ್ ಒರೆಸಿ ಒಣಗಿಸಿ, ಮುಖದ ಪೌಡರ್ ಉದುರಿಸಿದೆ. ಹತ್ತು ಕಿಲೋಮೀಟರ್ ಓಡಿಸಿ ನೋಡಿದರೆ, ಪೌಡರ್ ಒದ್ದೆಯಾದ ಅತಿ ಎತ್ತರದ ಜಾಗ ಟ್ಯಾಪೆಟ್ ಕವರ್ ಅಂಚು. ಎಣ್ಣೆ ಅಲ್ಲಿಂದಿಳಿದು ಕೆಳಗಿನ ಚೇಂಬರ್ ಸೋರುವಂತೆ ಕಾಣ್ತಿತ್ತು. ಪ್ಯಾಕಿಂಗ್ ಬದಲಿಸಿದೆವು, ಸೋರಿಕೆ ನಿಂತಿತು.

ಹೊಸ ಪ್ಯಾಕಿಂಗ್ ಹಾಕಿದರೂ ಮತ್ತೆ ಸೋರಿದರೆ ಎಂಜಿನ್ನಿನ ಉಸಿರಾಟದ ಪೈಪು ಕಟ್ಟಿದೆಯಾ ನೋಡಿ. ಒಳಗಿನ ಒತ್ತಡ ಸೀಲುಗಳನ್ನು ತಳ್ಳುತ್ತದೆ. ಬೋಲ್ಟ್ ಅತಿಯಾಗಿ ಬಿಗಿದರೂ ಪ್ಯಾಕಿಂಗ್ ಹಾಳು. ಎಂಜಿನ್, ಗೇರ್‌ಬಾಕ್ಸ್ ಕೂಡುವಲ್ಲಿ ತೊಟ್ಟಿಕ್ಕಿದರೆ ಮಾತ್ರ ದೊಡ್ಡ ಕೆಲಸ. ಆ ಸೀಲಿಗೆ ಗೇರ್‌ಬಾಕ್ಸ್ ಬಿಚ್ಚಲೇಬೇಕು.

ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬೀಳುತ್ತಿದ್ದರೆ ಗಾಡಿ ತೆಗೀಬೇಡಿ, ಬೆಂಕಿಯ ಅಪಾಯ. ದೇವಿಮನೆ, ಅರಬೈಲು ಘಟ್ಟಕ್ಕೆ ಹೊರಡೋ ಮುನ್ನ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಲಿ. ದಾರಿಯಲ್ಲಿ ಕೆಂಪು ಆಯಿಲ್ ದೀಪ ಹತ್ತಿದರೆ "ಊರು ಹತ್ತಿರ ಬಂತಲ್ಲ" ಅನ್ನಬೇಡಿ. ಅಲ್ಲೇ ಎಂಜಿನ್ ಆರಿಸಿ.