ಗಾಡಿಯ ಸೆಲ್ಫ್ ಕಿತ್ತು ಹಾಕ್ಬೇಕಾ?

ಬೆಳಗಿನ ಜಾವ, ರಾಯಲ್ಪಾಡು. ಮೊಪೆಡ್ ಹಿಂದೆ ಹಾಲಿನ ಕ್ಯಾನು, ಡೈರಿಗೆ ಹೊತ್ತಾಯ್ತು. ಬಟನ್ ಒತ್ತಿದ್ರೆ ಬರೀ 'ಟಿಕ್ ಟಿಕ್'. "ಥೂ, ಈ ಸೆಲ್ಫ್ ಬಿಚ್ಚಿಸಿಬಿಡೋಣ, ತೂಕನಾದ್ರೂ ಕಮ್ಮಿಯಾಗ್ಲಿ" ಅಂತೀರಾ?

ತಡೀರಿ! ಸೆಲ್ಫ್ ಮೋಟಾರು ಬಿಚ್ಚಿದ್ರೆ ಕಮ್ಮಿಯಾಗೋದು ಸ್ವಲ್ಪವೇ ತೂಕ. 40 ಲೀಟರ್ ಹಾಲೇ 41 ಕಿಲೋ ತೂಗುತ್ತೆ.

'ಟಿಕ್ ಟಿಕ್' ಅಂದ್ರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿದೆ, ಇಲ್ಲಾ ಟರ್ಮಿನಲ್‌ಗೆ ಹಸಿರು ಕಿಲುಬು ಹಿಡಿದಿದೆ. ಕಿಲುಬು ಉಜ್ಜಿ ತೆಗೀರಿ, ಬೋಲ್ಟ್ ಬಿಗಿ ಮಾಡಿ. ಚಳೀಲಿ ಬ್ಯಾಟರಿಯೂ ಮಂಕು. ಮೊದಲ ಸ್ಟಾರ್ಟಿಗೆ ಕಿಕ್ ಹೊಡೀರಿ.

ಏರಲ್ಲಿ, ಲೋಡ್ ಸಮೇತ ಗಾಡಿ ಆಫ್ ಆದ್ರೆ? ಕ್ಯಾನು ವಾಲ್ತಿರುತ್ತೆ, ಕಾಲು ನೆಲ ಬಿಡಂಗಿಲ್ಲ. ಆಗ ಕಾಪಾಡೋದು ಆ ಬಟನ್ನೇ!

ಸೆಲ್ಫೂ ಇರಲಿ, ಕಿಕ್ಕೂ ಇರಲಿ. ಬ್ಯಾಟರಿ ಮೇಲೆ ಒಂದು ಕಣ್ಣಿರಲಿ.