ವೀರಾಪುರದ ಹಾದಿ, ಮುಂಜಾನೆಯ ಓಟ

ಸಿದ್ಧಗಂಗೆಯ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳನ್ನು ನಾಡು ‘ನಡೆದಾಡುವ ದೇವರು’ ಎಂದು ಕರೆಯಿತು. ನಾವೆಲ್ಲರೂ ಆ ಮಾತನ್ನು ಭಕ್ತಿಯಿಂದ ಉಚ್ಚರಿಸುತ್ತೇವೆ. ಆದರೆ ಅದರೊಳಗಿನ ‘ನಡೆದಾಡುವ’ ಎಂಬ ಪದದ ಮೇಲೆ ನಮ್ಮ ಗಮನ ಅಷ್ಟಾಗಿ ನಿಲ್ಲುವುದಿಲ್ಲ. 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳ ಮಗನಾಗಿ ಜನಿಸಿ, 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ನೂರಾ ಹನ್ನೊಂದು ವರ್ಷಗಳ ಕಾಲ ಶ್ರೀಗಳು ಈ ನೆಲದ ಮೇಲೆ ಬಾಳಿದರು. ಮಿತಾಹಾರ, ತಪ್ಪದ ದಿನಚರಿ ಮತ್ತು ಬಿಡುವಿಲ್ಲದ ಕಾಯಕ ಅವರ ಬದುಕಿನ ಕ್ರಮವಾಗಿದ್ದವು. ಕಾಯಕ ಎಂಬ ಪದದೊಳಗೇ ಕಾಯವಿದೆ. ಕಾಯ ಸೊರಗಿದರೆ ಕಾಯಕವೂ ಸೊರಗುತ್ತದೆ, ದಾಸೋಹವೂ ನಿಲ್ಲುತ್ತದೆ.

ನಮ್ಮ ಹಿರಿಯರಿಗೆ ಓಟವೆಂಬ ಬೇರೊಂದು ವ್ಯಾಯಾಮ ಬೇಕಿರಲಿಲ್ಲ. ನೇಗಿಲ ಹಿಂದಿನ ನಡೆ, ಬಾವಿಯ ನೀರು, ಸಂತೆಯ ದಾರಿ ಅವರ ಮೈಯನ್ನು ಬಿಗಿಯಾಗಿಟ್ಟಿದ್ದವು. ಇಂದು ಟ್ರ್ಯಾಕ್ಟರ್ ಉಳುತ್ತದೆ, ನಲ್ಲಿ ನೀರು ಕೊಡುತ್ತದೆ, ಬೈಕು ಹೊಲದ ಬದುವಿನವರೆಗೂ ಹೋಗುತ್ತದೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರು ದಿನವಿಡೀ ಒಂದೇ ಭಂಗಿಯಲ್ಲಿ ದುಡಿಯುತ್ತಾರೆ. ಹೀಗಾಗಿ ಒಂದು ಕಾಲಕ್ಕೆ ಪೇಟೆಯ ಕಾಯಿಲೆಗಳೆನಿಸಿದ್ದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಹಳ್ಳಿಯ ಜಗಲಿಗೂ ಬಂದು ಕುಳಿತಿವೆ. ಈ ಕಾರಣದಿಂದಲೇ ನಾವು ಕೆಲವು ಭಕ್ತರು, ಹೆಚ್ಚಿನವರು ಐವತ್ತು ದಾಟಿದವರು, ವಾರಕ್ಕೆ ಮೂರು ದಿನ ಮುಂಜಾನೆ ನಿಧಾನವಾಗಿ ಓಡಲು ಆರಂಭಿಸಿದೆವು.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಚುರುಕಾದ ನಡಿಗೆ ಮೊದಲನೆಯ ಬಗೆಯದು, ಓಟ ಎರಡನೆಯದು. ಓಡುವಾಗ ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವನ್ನು ಹೆಚ್ಚು ಕಾಯದೆಯೇ ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಓಟ ಮುಗಿದ ಮೇಲೂ ಹಲವು ಗಂಟೆಗಳ ಕಾಲ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ನಿತ್ಯದ ರೂಢಿಯಿಂದ ರಕ್ತದೊತ್ತಡ ಇಳಿಯುತ್ತದೆ, ನಿದ್ರೆ ಗಾಢವಾಗುತ್ತದೆ.

ಹೊಸಬರಿಗೆ ವೀರಾಪುರದಂತಹ ಹಳ್ಳಿಯ ದಾರಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ರಾಗಿಯ ಹೊಲ, ಹುಣಸೆ ಮತ್ತು ಹೊಂಗೆಯ ಮರಗಳು, ವಾಹನಗಳ ಗದ್ದಲವಿಲ್ಲದ ರಸ್ತೆ. ಶ್ರೀಗಳು ಬಾಲಕ ಶಿವಣ್ಣನಾಗಿ ಓಡಾಡಿದ ನೆಲವಿದು ಎಂಬ ನೆನಪೇ ಹೆಜ್ಜೆಗೆ ಬಲ ಕೊಡುತ್ತದೆ. ಇಲ್ಲಿ ನಾವು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಿದ್ದೆವು. ಹೀಗೆ ಇಪ್ಪತ್ತು ನಿಮಿಷ. ಪಕ್ಕದವರೊಡನೆ ಮಾತನಾಡಲು ಉಸಿರು ಸಾಲಬೇಕು. ಮಾತು ತುಂಡಾಗುತ್ತಿದೆಯೆಂದರೆ ವೇಗ ಹೆಚ್ಚಾಗಿದೆಯೆಂದೇ ಅರ್ಥ. ವಾರದಿಂದ ವಾರಕ್ಕೆ ಓಟದ ಪಾಲನ್ನು ಸ್ವಲ್ಪ ಸ್ವಲ್ಪವೇ ಬೆಳೆಸಬೇಕು.

ಉಸಿರು ಹದಗೊಂಡವರಿಗೆ ಮಾಗಡಿ ಪಟ್ಟಣ ಮುಂದಿನ ಮೆಟ್ಟಿಲು. ಕೆಂಪೇಗೌಡರ ಕೋಟೆಯ ಸುತ್ತ, ಅವರ ವಂಶಸ್ಥರ ಕಾಲದ ಸೋಮೇಶ್ವರ ದೇವಾಲಯದ ಕಡೆಗೆ, ತಿರುಮಲೆಯ ರಂಗನಾಥಸ್ವಾಮಿ ದೇವಾಲಯದ ಕಡೆಗೆ ಏರಿಳಿತದ ದಾರಿಗಳಿವೆ. ಏರಿನಲ್ಲಿ ಹೆಜ್ಜೆಯನ್ನು ಗಿಡ್ಡ ಮಾಡಬೇಕು. ಇಳಿಜಾರಿನಲ್ಲಿ ಮಂಡಿಯ ಮೇಲೆ ಹೆಚ್ಚು ಭಾರ ಬೀಳುವುದರಿಂದ ಅಲ್ಲಿ ನಡೆಯುವುದೇ ಲೇಸು.

ಮೂರನೆಯದು ಸಾವನದುರ್ಗದ ತಪ್ಪಲು. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ನಿಂತಿರುವ ಈ ಏಕಶಿಲಾ ಬೆಟ್ಟದಲ್ಲಿ ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಭಾಗಗಳಿವೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪು ಸುಲ್ತಾನನಿಂದ ವಶಪಡಿಸಿಕೊಂಡ ದುರ್ಗವಿದು. ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಾಲಯಗಳಿವೆ. ಬಂಡೆಯನ್ನು ಓಡಿ ಹತ್ತುವ ಸಾಹಸ ಬೇಡ. ಬೆಳಕು ಹರಿದ ಮೇಲೆ ದೇವಾಲಯಕ್ಕೆ ಹೋಗುವ ರಸ್ತೆಯಲ್ಲಿ ಓಡಿ, ದರ್ಶನ ಪಡೆದು, ನಡೆದು ಹಿಂತಿರುಗುವುದೇ ಸಾಕಷ್ಟು ಶ್ರಮ. ಚನ್ನಪಟ್ಟಣದ ಕಡೆಯವರಿಗೆ 1946ರಲ್ಲಿ ನಿರ್ಮಾಣವಾದ ಕಣ್ವ ಜಲಾಶಯದ ಸುತ್ತಲಿನ ಊರುಗಳ ರಸ್ತೆಗಳು ಇಂತಹದೇ ತಂಪನ್ನು ಕೊಡುತ್ತವೆ.

ಸಾವನದುರ್ಗದ ದಾರಿಯಲ್ಲಿಯೇ ನಾವೊಂದು ಪಾಠ ಕಲಿತೆವು. ನಮ್ಮ ಸಂಗಡಿಗರೊಬ್ಬರಿಗೆ ಅನೇಕ ವರ್ಷಗಳ ಸಕ್ಕರೆ ಕಾಯಿಲೆ. ಲಿಂಗಪೂಜೆಯಾಗದೆ ಬಾಯಿಗೆ ಏನನ್ನೂ ಹಾಕದ ನೇಮ ಅವರದು. ಅಂದು ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡು, ಪೂಜೆಯನ್ನು ಓಟದ ನಂತರಕ್ಕಿಟ್ಟು ಬರಿಹೊಟ್ಟೆಯಲ್ಲಿ ಬಂದಿದ್ದರು. ಅರ್ಧ ದಾರಿಯಲ್ಲಿ ಮೈ ಬೆವರಿತು, ಕೈ ನಡುಗಿತು, ಮಾತು ತೊದಲಿತು. ಆಯಾಸವಿರಬೇಕೆಂದು ನಾವು ನೀರು ಕೊಟ್ಟು ಕೂರಿಸಿದೆವು. ರಕ್ತದ ಸಕ್ಕರೆ ಕುಸಿದಿದೆಯೆಂದು ಒಬ್ಬ ತಾಯಿ ಗುರುತಿಸಿ, ತಮ್ಮ ಚೀಲದಲ್ಲಿದ್ದ ಪ್ರಸಾದದ ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿದರು. ನೇಮ ಮುರಿಯಿತೆಂದು ಅವರ ಕಣ್ಣಲ್ಲಿ ನೀರು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಅವರು ಪ್ರಜ್ಞೆ ತಪ್ಪಿದ್ದರೆ ಆ ನಿರ್ಜನ ದಾರಿಯಲ್ಲಿ ನಾವು ಏನು ಮಾಡಬಲ್ಲವರಾಗಿದ್ದೆವು?

ನೇಮವನ್ನು ಬಿಡಬೇಕಾಗಿಲ್ಲ, ಕ್ರಮವನ್ನು ಬದಲಿಸಿದರೆ ಸಾಕು. ಈಗ ಅವರು ಬೇಗ ಎದ್ದು, ಮಿಂದು, ಇಷ್ಟಲಿಂಗ ಪೂಜೆ ಮುಗಿಸಿ, ಬಾಳೆಹಣ್ಣನ್ನು ಪ್ರಸಾದವಾಗಿ ಸ್ವೀಕರಿಸಿ, ಬೆಳಕು ಹರಿದ ಮೇಲೆ ಓಟಕ್ಕೆ ಬರುತ್ತಾರೆ. ಓಟದ ದಿನದ ಇನ್ಸುಲಿನ್ ಪ್ರಮಾಣವನ್ನು ವೈದ್ಯರು ಹೊಂದಿಸಿ ಕೊಟ್ಟಿದ್ದಾರೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಸೇವಿಸುವ ಭಕ್ತರು ಓಟ ಆರಂಭಿಸುವ ಮೊದಲೇ ವೈದ್ಯರನ್ನು ಕೇಳಬೇಕು; ಜೇಬಿನಲ್ಲಿ ಮೂರು ಚಮಚೆಯಷ್ಟು ಸಕ್ಕರೆಯ ಪೊಟ್ಟಣ ಸದಾ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಕೂಡಲೇ 108ಕ್ಕೆ ಕರೆ ಮಾಡಬೇಕು. ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಆ ಕ್ಷಣವೇ ನಿಂತು ಅದೇ ಸಂಖ್ಯೆಗೆ ಕರೆ ಮಾಡಬೇಕು. ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಬರಿಗಾಲಿನಲ್ಲಿ ಓಡದೆ, ಪ್ರತಿದಿನ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಮಂಡಿ ತೀರಾ ಸವೆದವರಿಗೆ ನಡಿಗೆಯೇ ಓಟ.

ಇಷ್ಟಲಿಂಗ ಧರಿಸಿ ಓಡುವವರು ಶಿವದಾರವನ್ನು ಸ್ವಲ್ಪ ಗಿಡ್ಡವಾಗಿ ಕಟ್ಟಿ, ಮೇಲೆ ಮೈಗೆ ಹೊಂದುವ ಬನಿಯನ್ ತೊಟ್ಟರೆ ಕರಡಿಗೆ ತೂಗಾಡಿ ಎದೆಗೆ ಬಡಿಯುವುದಿಲ್ಲ. ಹೆಣ್ಣುಮಕ್ಕಳು ಓಡಿದರೆ ಊರು ಏನೆಂದೀತೆಂಬ ಅಳುಕು ಇನ್ನೂ ಇದೆ. ಅತ್ತೆ ಸೊಸೆಯರು ಕೂಡಿ ಹೊರಟ ಮನೆಗಳಲ್ಲಿ ಆ ಅಳುಕು ಬೇಗ ಕರಗಿದುದನ್ನು ನಾವು ಕಂಡಿದ್ದೇವೆ. ಅಂದು ಕಲ್ಲುಸಕ್ಕರೆ ಕೊಟ್ಟ ತಾಯಿಯೂ ಹಾಗೆ ಹೊರಟವರೇ.

ಈ ಸೀಮೆಯ ಚೆಲುವಿನೊಂದಿಗೆ ಅಪಾಯವೂ ಇದೆ. ರಾಮನಗರ ಮತ್ತು ಮಾಗಡಿಯ ಬೆಟ್ಟಸಾಲಿನಲ್ಲಿ ಚಿರತೆ, ಕರಡಿಗಳು ಸಂಚರಿಸುತ್ತವೆ. ಕನಕಪುರದ ಕಾಡಂಚಿನ ಊರುಗಳಿಗೆ ಆನೆಗಳು ಬರುತ್ತವೆ. ಸಂಗಮದ ಕಾಡು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಅಲ್ಲಿಯವರು ಪಟ್ಟಣದ ಮೈದಾನದಲ್ಲಿ ಓಡುವುದೇ ಕ್ಷೇಮ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿದೆ. ಅಲ್ಲಿಗೆ ದರ್ಶನಕ್ಕೆ ಮೌನವಾಗಿ ಹೋಗಬೇಕೇ ಹೊರತು ಓಟಕ್ಕಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಹತ್ತಿರವೂ ಓಡಬಾರದು. ಹಳ್ಳಿಯ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಸಾಗಬೇಕು. ನಾಯಿ ಬೆನ್ನಟ್ಟಿದರೆ ಓಟ ನಿಲ್ಲಿಸಿ ನಿಧಾನವಾಗಿ ನಡೆಯಬೇಕು. ಎಂದಿಗೂ ಒಬ್ಬರೇ ಹೋಗಬಾರದು.

ಓಟ ಮುಗಿದ ಮೇಲೆ ಐದು ನಿಮಿಷ ನಡೆದು ಉಸಿರನ್ನು ಇಳಿಸಿ, ಮಜ್ಜಿಗೆಯನ್ನೋ ರಾಗಿ ಅಂಬಲಿಯನ್ನೋ ಕುಡಿದರೆ ದೇಹ ತಣಿಯುತ್ತದೆ. ಮುಂದಿನ ಬಾರಿ ವೀರಾಪುರಕ್ಕೆ ದರ್ಶನಕ್ಕೆ ಹೋಗುವ ಭಕ್ತರು ವಾಹನವನ್ನು ಊರಿನಿಂದ ಎರಡು ಕಿಲೋಮೀಟರ್ ದೂರದಲ್ಲಿ ನಿಲ್ಲಿಸಿ, ಉಳಿದ ದಾರಿಯನ್ನು ಕಾಲಿನಿಂದಲೇ ಕ್ರಮಿಸಲಿ. ನಡೆದಾಡುವ ದೇವರ ಊರನ್ನು ನಡೆದೇ ಸೇರುವುದು ಉಚಿತವಲ್ಲವೇ?